ಆಂಗ್ಲ ಭಾಷೆಯಲ್ಲಿ ಜೋಡಿಯಾಗಿ ಬರುವ ಸಂಬಂಧಾರ್ಥಕಾವ್ಯಯಗಳು: ಪತ್ರ ಬರೆಯುವ ಕನ್ನಡಿಗರ ತಿಳಿವಳಿಕೆಗಾಗಿ

1963ರ ರಾಜಭಾಷಾ ಅಧಿನಿಯಮದ ಮೇರೆಗೆ ರಾಜ್ಯದ ಆಡಳಿತ ಭಾಷೆ ಕನ್ನಡವಾಗಿದ್ದು, ರಾಜ್ಯ ಸರ್ಕಾರದ ಕಛೇರಿಗಳಿಗೆ ಸಾರ್ವಜನಿಕರು ಕನ್ನಡದಲ್ಲಿಯೇ ಅರ್ಜಿ ಸಲ್ಲಿಸಬಹುದಾಗಿದೆ. ಅದಕ್ಕಾಗಿ ಯಾರೂ ಆಂಗ್ಲ ಭಾಷೆಯ ಮೊರೆ ಹೋಗಬೇಕಾಗಿಲ್ಲ. ಆದಾಗ್ಯೂ ಬ್ಯಾಂಕು, ವಿಮಾ ಸಂಸ್ಥೆ, ಖಾಸಗಿ ಕಾರ್ಖಾನೆ ಮೊದಲಾದ ಕಡೆಗಳಲ್ಲಿ ಆಂಗ್ಲ ಭಾಷೆಯ ಪತ್ರಗಳನ್ನು ಬರೆಯುವ, ಇಲ್ಲವೇ ಬೇರೆಯವರು ಬರೆದುದಕ್ಕೆ ಸಹಿ ಮಾಡುವ ಸಂದರ್ಭಗಳು ದಿನನಿತ್ಯ ಒದಗುತ್ತಿರುತ್ತವೆ. ಇಂತಹ ಪತ್ರಗಳಲ್ಲಿ ಕಾಗುಣಿತದ ತಪ್ಪಿನಿಂದ ಆಗುವ ಹಾನಿ ಅಲ್ಪ. 'ಎರಡೂ', 'ಎರಡರಲ್ಲಿ ಒಂದು', 'ಎರಡೂ ಅಲ್ಲ' ಎಂಬ ಮೂರು ಅರ್ಥಗಳು ಒಂದರ ಜಾಗದಲ್ಲಿ ಇನ್ನೊಂದು ಬಂದಾಗ ಆಗುವ ಹಾನಿ ಹೆಚ್ಚು. ಈ ಮೂರು ಅರ್ಥಗಳನ್ನು ಆಂಗ್ಲ ಭಾಷೆಯಲ್ಲಿ ಹೊತ್ತುಕೊಂಡಿರುವ ಜೋಡಿ ಪದಗಳನ್ನು ಕುರಿತು ಈ ಲೇಖನದಲ್ಲಿ ವಿವರಿಸಲಾಗಿದೆ.

ಬೆಂಗಳೂರಿನ ಪಶ್ಚಿಮ ಭಾಗದ ಸುಂಕದಕಟ್ಟೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿಯನ್ನು ದಾಟಿದ ನಂತರ ದೊರೆಯುವ ಈ ಬಡಾವಣೆಯಲ್ಲಿ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಿಗೂ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೂ ದುಡಿಯಲು ಹೋಗುವವರ ಕುಟುಂಬಗಳು ಬಹಳಷ್ಟಿವೆ. ಬಾಡಿಗೆ ಮನೆಗಳು ಹೆಚ್ಚು. ಹೀಗಾಗಿ ಬಾಡಿಗೆ ಕರಾರುಗಳೂ ಹೆಚ್ಚು. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಅಧಿನಿಯಮದ ಪ್ರಕಾರ ನೋಂದಾಯಿಸಬೇಕಾದ್ದರಿಂದ ಸಾಮಾನ್ಯವಾಗಿ 11 ತಿಂಗಳ ಕರಾರನ್ನು ಛಾಪಾ ಕಾಗದದ ಮೇಲೆ ಟೈಪು ಮಾಡಿಸಲಾಗುತ್ತದೆ. ಮಾತುಕತೆ ನಡೆಯುವುದು ಕನ್ನಡದಲ್ಲಿ, ಕರಾರು ಸಿದ್ಧವಾಗುವುದು ಆಂಗ್ಲದಲ್ಲಿ. ಮುಂಗಡದ ಹಣ ವಾಪಸು ಬರುವುದೋ ಇಲ್ಲವೋ ಎಂಬುದು ಹಲವು ಬಾರಿ ಈ ಎರಡರ ನಡುವಿನ ಒಂದು ಪದವನ್ನು ಅವಲಂಬಿಸಿರುತ್ತದೆ.

ಕನ್ನಡದ ಕ್ರಮ ಮತ್ತು ಆಂಗ್ಲದ ಕ್ರಮ

ಶಾಲೆಯ ವ್ಯಾಕರಣದಲ್ಲಿ ನಾವು ಓದಿದ 'ಮತ್ತು', 'ಅಥವಾ', 'ಆದ್ದರಿಂದ' ಮೊದಲಾದ ಸಂಬಂಧಾರ್ಥಕಾವ್ಯಯಗಳು ಬಿಡಿಯಾಗಿ ಬರುವಂತಹವು. ಆಂಗ್ಲ ಭಾಷೆಯಲ್ಲಿ ಇವಲ್ಲದೆ ಜೋಡಿಯಾಗಿಯೇ ಬರುವ ಒಂದು ಗುಂಪು ಇದೆ. ಅದನ್ನು ಅಲ್ಲಿ ಕೋರಿಲೇಟಿವ್ ಕಂಜಂಕ್ಷನ್ ಎಂದು ಕರೆಯುತ್ತಾರೆ. 'ಬೋತ್' ಬಂದರೆ ಮುಂದೆ 'ಆ್ಯಂಡ್' ಬರಬೇಕು. 'ಐದರ್' ಬಂದರೆ 'ಆರ್'. 'ನೈದರ್' ಬಂದರೆ 'ನಾರ್'. 'ನಾಟ್ ಓನ್ಲಿ' ಬಂದರೆ 'ಬಟ್ ಆಲ್ಸೋ'. 'ವೆದರ್' ಬಂದರೆ 'ಆರ್'. ಇಷ್ಟನ್ನು ಪ್ರೌಢಶಾಲೆಯ ಮಕ್ಕಳೂ ಬಾಯಿಪಾಠ ಹೇಳಬಲ್ಲರು. ಪಟ್ಟಿ ತಿಳಿದಿದ್ದರೂ ಬರವಣಿಗೆಯಲ್ಲಿ ತಪ್ಪುಗಳು ಉಳಿದಿರುವುದಕ್ಕೆ ಕಾರಣ ಪಟ್ಟಿಯಲ್ಲಿಲ್ಲ, ನಮ್ಮ ಭಾಷೆಯ ರಚನೆಯಲ್ಲಿದೆ.

ಕನ್ನಡದಲ್ಲಿಯೂ ಜೋಡಿಗಳು ಉಂಟು. 'ಮಾಲೀಕರೂ ಬಾಡಿಗೆದಾರರೂ ಸಹಿ ಮಾಡಿದರು' ಎಂಬಲ್ಲಿ 'ಊ' ಎಂಬುದು ಎರಡು ಕಡೆಯೂ ಬಂದಿದೆ. ಹಳಗನ್ನಡದಲ್ಲಿ 'ಉಂ' ಎಂದಿದ್ದ ಇದು ಪದದ ಕೊನೆಗೆ ಅಂಟಿಕೊಂಡೇ ಇರುತ್ತದೆ. 'ಆಗಲಿ', 'ಓ' ಇವೂ ಹಾಗೆಯೇ. ಅಂಟಿಕೊಂಡಿರುವುದರಿಂದ ಇವು ಜಾಗ ತಪ್ಪುವ ಸಂಭವವಿಲ್ಲ. ಆಂಗ್ಲದ ಜೋಡಿ ಪದಗಳು ಇದಕ್ಕೆ ವಿರುದ್ಧವಾಗಿ, ತಾವು ಸೇರಿಸುವ ಪದಕ್ಕೆ ಮೊದಲು, ಬಿಡಿಯಾಗಿ ನಿಲ್ಲುತ್ತವೆ. ಬಿಡಿಯಾಗಿರುವ ವಸ್ತುವನ್ನು ಎಲ್ಲಿ ಬೇಕಾದರೂ ಇಡಬಹುದು. ತಪ್ಪು ಜಾಗದಲ್ಲಿಯೂ ಇಡಬಹುದು.

ಎರಡನೆಯ ವ್ಯತ್ಯಾಸ ಇದಕ್ಕಿಂತ ಮುಖ್ಯವಾದುದು. ಕನ್ನಡದಲ್ಲಿ 'ಇಲ್ಲ' ಎಂಬ ಅರ್ಥವನ್ನು ಹೇಳುವ ಹೊಣೆ ವಾಕ್ಯದ ಕೊನೆಯ ಕ್ರಿಯಾಪದದ್ದು. 'ಪಡಿತರ ಚೀಟಿಯನ್ನಾಗಲಿ ಮತದಾರರ ಗುರುತಿನ ಚೀಟಿಯನ್ನಾಗಲಿ ಸಲ್ಲಿಸಬಹುದು' ಎಂದರೆ ಎರಡರಲ್ಲಿ ಒಂದು ಸಾಕು. ಅದೇ ವಾಕ್ಯದ ಕೊನೆಯಲ್ಲಿ 'ಸಲ್ಲಿಸಿಲ್ಲ' ಎಂದರೆ ಎರಡನ್ನೂ ಕೊಟ್ಟಿಲ್ಲವೆಂದಾಯಿತು. ಜೋಡಿ ಪದ ಬದಲಾಗಲಿಲ್ಲ, ಕ್ರಿಯಾಪದವೊಂದೇ ಬದಲಾಯಿತು. ಆಂಗ್ಲದಲ್ಲಿ ಈ ಎರಡು ಅರ್ಥಗಳಿಗೆ ಎರಡು ಬೇರೆ ಜೋಡಿಗಳಿದ್ದು, ನಿಷೇಧವು 'ನೈದರ್' ಎಂಬ ಪದದಲ್ಲಿಯೇ ಅಡಗಿರುತ್ತದೆ. ಕನ್ನಡಿಗರ ಬಹುತೇಕ ತಪ್ಪುಗಳಿಗೆ ಮೂಲ ಇದೇ ಎಂಬುದು ಹಲವು ವರ್ಷ ದ್ವಿಭಾಷಾ ಕಡತಗಳನ್ನು ನೋಡಿದ ನನ್ನ ಅಭಿಪ್ರಾಯ.

'ಇಬ್ಬರೂ ಸಹಿ ಮಾಡಿಲ್ಲ' ಎಂಬುದನ್ನು ಬರೆಯುವ ಬಗೆ

ಕರಾರಿನ ವಿಷಯದಲ್ಲಿ 'ಇಬ್ಬರೂ ಸಹಿ ಮಾಡಿಲ್ಲ' ಎಂದು ಕನ್ನಡದಲ್ಲಿ ಹೇಳಿದಾಗ ಒಬ್ಬರ ಸಹಿಯೂ ಇಲ್ಲವೆಂದೇ ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಇದನ್ನು ಪದಕ್ಕೆ ಪದವಿಟ್ಟು ಆಂಗ್ಲಕ್ಕೆ ತಂದರೆ 'ಬೋತ್ ದಿ ಪಾರ್ಟೀಸ್ ಹ್ಯಾವ್ ನಾಟ್ ಸೈನ್ಡ್' ಎಂದಾಗುತ್ತದೆ. ಈ ವಾಕ್ಯವನ್ನು ಆಂಗ್ಲ ಬಲ್ಲವರು ಎರಡು ರೀತಿಯಲ್ಲಿ ಓದಬಹುದು: ಯಾರೂ ಸಹಿ ಮಾಡಿಲ್ಲ ಎಂದು, ಅಥವಾ ಇಬ್ಬರೂ ಮಾಡಬೇಕಾಗಿತ್ತು, ಒಬ್ಬರು ಮಾತ್ರ ಮಾಡಿದ್ದಾರೆ ಎಂದು. ಎರಡನೆಯ ರೀತಿಯಲ್ಲಿ ಓದಿದವರು ಮುಂದಿನ ಪತ್ರದಲ್ಲಿ ಯಾರು ಸಹಿ ಮಾಡಿದ್ದಾರೆಂದು ಕೇಳುತ್ತಾರೆ. ಸಹಿ ಮಾಡಿದವನಿಗೆ ಹೊಣೆ ಬರುತ್ತದೆ. ಯಾರೂ ಸಹಿ ಮಾಡದ ಕಾಗದವು ಬರಿಯ ಕರಡು.

ಆದ್ದರಿಂದ ಯಾರೊಬ್ಬರ ಸಹಿಯೂ ಇಲ್ಲವೆನ್ನಬೇಕಾದಲ್ಲಿ 'ನೈದರ್ ದಿ ಓನರ್ ನಾರ್ ದಿ ಟೆನೆಂಟ್ ಹ್ಯಾಸ್ ಸೈನ್ಡ್' ಎಂದು ಬರೆಯತಕ್ಕದ್ದು. ಒಬ್ಬರು ಮಾತ್ರ ಸಹಿ ಮಾಡಿದ್ದಲ್ಲಿ ಯಾರೆಂಬುದನ್ನು ಹೆಸರಿಸಿ 'ಓನ್ಲಿ ದಿ ಓನರ್ ಹ್ಯಾಸ್ ಸೈನ್ಡ್' ಎಂದು ಬರೆಯುವುದು ಕ್ಷೇಮ. 'ಬೋತ್' ಮತ್ತು 'ನಾಟ್' ಇವೆರಡನ್ನು ಒಂದೇ ವಾಕ್ಯದಲ್ಲಿ ಕೂಡಿಸದಿರುವುದೇ ಲೇಸು.

'ನೈದರ್' ಬಂದ ಮೇಲೆ ಮತ್ತೆ 'ನಾಟ್' ಬೇಡ

'ಮಾಲೀಕರಾಗಲಿ ಬಾಡಿಗೆದಾರರಾಗಲಿ ನೀರಿನ ಬಿಲ್ಲು ಕಟ್ಟಲಿಲ್ಲ' ಎಂಬುದನ್ನು 'ನೈದರ್ ದಿ ಓನರ್ ನಾರ್ ದಿ ಟೆನೆಂಟ್ ಡಿಡ್ ನಾಟ್ ಪೇ ದಿ ವಾಟರ್ ಬಿಲ್' ಎಂದು ಬರೆಯುವವರಿದ್ದಾರೆ. ಕೊನೆಯಲ್ಲಿ ನಿಷೇಧವನ್ನು ಹೇಳದಿದ್ದರೆ ವಾಕ್ಯ ಮುಗಿಯದೆಂಬ ಕನ್ನಡದ ಅಭ್ಯಾಸವೇ ಇದಕ್ಕೆ ಕಾರಣ. ಆಂಗ್ಲದಲ್ಲಿ ಹೀಗೆ ಎರಡು ನಿಷೇಧ ಸೇರಿದರೆ ಒಂದನ್ನೊಂದು ರದ್ದುಪಡಿಸುತ್ತವೆ. ಕಟ್ಟುನಿಟ್ಟಾಗಿ ಓದುವವರಿಗೆ ಇಬ್ಬರೂ ಬಿಲ್ಲು ಕಟ್ಟಿದರೆಂಬ ಅರ್ಥ ಬರುವ ಅಪಾಯವಿದೆ. 'ನೈದರ್ ದಿ ಓನರ್ ನಾರ್ ದಿ ಟೆನೆಂಟ್ ಪೇಯ್ಡ್ ದಿ ವಾಟರ್ ಬಿಲ್' ಎಂಬುದು ಸರಿಯಾದ ರೂಪ.

'ನಾಟ್' ಪದವನ್ನು ಉಳಿಸಿಕೊಳ್ಳಲೇಬೇಕೆಂದಿದ್ದರೆ ಅದಕ್ಕೂ ಮಾರ್ಗವಿದೆ. ಆಗ 'ನಾಟ್' ಮೊದಲು ಬಂದು, ಅನಂತರ 'ಐದರ್', 'ಆರ್' ಬರಬೇಕು. 'ದಿ ಅಪ್ಲಿಕೆಂಟ್ ಹ್ಯಾಸ್ ನಾಟ್ ಸಬ್‌ಮಿಟೆಡ್ ಐದರ್ ದಿ ರೆಂಟ್ ಅಗ್ರಿಮೆಂಟ್ ಆರ್ ದಿ ಎಲೆಕ್ಟ್ರಿಸಿಟಿ ಬಿಲ್' ಎಂದರೆ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ಎರಡನ್ನೂ ಅರ್ಜಿದಾರರು ಕೊಟ್ಟಿಲ್ಲವೆಂದೇ ಅರ್ಥ. 'ನಾಟ್ ... ಐದರ್ ... ಆರ್' ಎಂಬುದೂ 'ನೈದರ್ ... ನಾರ್' ಎಂಬುದೂ ತೂಕದಲ್ಲಿ ಒಂದೇ. ಆದರೆ 'ನೈದರ್' ಜೊತೆಗೆ 'ಆರ್' ಸೇರಿಸುವುದು ಸಾಧುವಲ್ಲ.

ಕ್ರಿಯಾಪದ ಏಕವಚನವೋ ಬಹುವಚನವೋ

ಪರೀಕ್ಷಾರ್ಥಿಗಳು ಅತಿ ಹೆಚ್ಚು ಅಂಕ ಕಳೆದುಕೊಳ್ಳುವ ಭಾಗವಿದು. ಇಲ್ಲಿಯೂ ಕನ್ನಡದ ರಚನೆಯೇ ಹಿನ್ನೆಲೆಯಲ್ಲಿದೆ. 'ನಾನು ಬರಲಿಲ್ಲ', 'ಅವಳು ಬರಲಿಲ್ಲ', 'ಅವರು ಬರಲಿಲ್ಲ' – ಕರ್ತೃ ಯಾರೇ ಆದರೂ 'ಬರಲಿಲ್ಲ' ಎಂಬುದು ಬದಲಾಗುವುದೇ ಇಲ್ಲ. ಕನ್ನಡದ ಈ ಅನುಕೂಲದಿಂದಾಗಿ, ನಿಷೇಧವಾಕ್ಯದಲ್ಲಿ ಲಿಂಗ ವಚನಗಳನ್ನು ಎಣಿಸುವ ಅಭ್ಯಾಸವೇ ನಮಗೆ ಇರುವುದಿಲ್ಲ. ಇನ್ನು 'ಅವನೋ ಅವಳೋ ಬರುತ್ತಾರೆ' ಎಂಬಲ್ಲಿ ಬರುವವರು ಒಬ್ಬರೇ ಆದರೂ ಕ್ರಿಯಾಪದ ಬಹುವಚನದಲ್ಲಿದೆ. ಗಂಡು ಹೆಣ್ಣು ಎರಡೂ ಇರುವಾಗ ಕನ್ನಡಕ್ಕೆ ಅದೇ ಸಹಜ. ಈ ಅಭ್ಯಾಸದ ಮೇಲೆ ಆಂಗ್ಲವನ್ನು ಬರೆದಾಗ 'ಐದರ್ ದಿ ಸೆಕ್ರೆಟರಿ ಆರ್ ದಿ ಟ್ರೆಷರರ್ ಆರ್ ಕಮಿಂಗ್' ಎಂದು ಬಂದುಬಿಡುತ್ತದೆ.

ಆಂಗ್ಲದ ನಿಯಮ ಹೀಗಿದೆ. 'ಬೋತ್ ... ಆ್ಯಂಡ್' ಬಂದರೆ ಕ್ರಿಯಾಪದ ಬಹುವಚನ. 'ಐದರ್ ... ಆರ್' ಮತ್ತು 'ನೈದರ್ ... ನಾರ್' ಬಂದಾಗ ಎರಡೂ ಪದಗಳು ಏಕವಚನವಾಗಿದ್ದರೆ ಕ್ರಿಯಾಪದವೂ ಏಕವಚನ: 'ಐದರ್ ದಿ ಸೆಕ್ರೆಟರಿ ಆರ್ ದಿ ಟ್ರೆಷರರ್ ಈಸ್ ಕಮಿಂಗ್'. ಒಂದು ಏಕವಚನ, ಇನ್ನೊಂದು ಬಹುವಚನವಾಗಿದ್ದರೆ ಕ್ರಿಯಾಪದಕ್ಕೆ ಹತ್ತಿರವಿರುವ ಪದವೇ ಅಧಿಕಾರ ನಡೆಸುತ್ತದೆ. 'ನೈದರ್ ದಿ ಓನರ್ ನಾರ್ ದಿ ಟೆನೆಂಟ್ಸ್ ವರ್ ಪ್ರೆಸೆಂಟ್' ಎಂಬಲ್ಲಿ ಬಾಡಿಗೆದಾರರು ಹತ್ತಿರವಿರುವುದರಿಂದ 'ವರ್'. ಇದನ್ನೇ ತಿರುಗಿಸಿ ಬರೆದರೆ 'ವಾಸ್' ಎನ್ನಬೇಕಾಗುತ್ತದೆ. ಅದು ತಪ್ಪಲ್ಲ, ಆದರೆ ಕಿವಿಗೆ ಒಗ್ಗುವುದಿಲ್ಲ. ಆದ್ದರಿಂದ ಬಹುವಚನದ ಪದವನ್ನು ಎರಡನೆಯದಾಗಿ ಇಡುವುದು ರೂಢಿ.

ಜೋಡಿ ಪದದ ಜಾಗ

ಮೊದಲ ಪದದ ನಂತರ ಎಂತಹುದು ಬಂದಿದೆಯೋ ಎರಡನೆಯ ಪದದ ನಂತರವೂ ಅಂತಹುದೇ ಬರಬೇಕು. ನಾಮಪದಕ್ಕೆ ನಾಮಪದ, ಕ್ರಿಯಾಪದಕ್ಕೆ ಕ್ರಿಯಾಪದ. ತಕ್ಕಡಿಯ ಎರಡು ತಟ್ಟೆಗಳೆಂದು ತಿಳಿದರೆ ಸಾಕು. 'ದಿ ನೋಟಿಸ್ ಈಸ್ ಬೋತ್ ಇನ್ ಕನ್ನಡ ಆ್ಯಂಡ್ ಇಂಗ್ಲಿಷ್' ಎಂಬಲ್ಲಿ ಒಂದು ತಟ್ಟೆಯಲ್ಲಿ 'ಇನ್ ಕನ್ನಡ' ಇದೆ, ಇನ್ನೊಂದರಲ್ಲಿ ಬರಿಯ 'ಇಂಗ್ಲಿಷ್'. 'ಬೋತ್ ಇನ್ ಕನ್ನಡ ಆ್ಯಂಡ್ ಇನ್ ಇಂಗ್ಲಿಷ್' ಎಂದಾಗಲಿ, 'ಇನ್ ಬೋತ್ ಕನ್ನಡ ಆ್ಯಂಡ್ ಇಂಗ್ಲಿಷ್' ಎಂದಾಗಲಿ ಬರೆಯಬೇಕು. ಇಲ್ಲಿ ಅರ್ಥಕ್ಕೆ ಧಕ್ಕೆ ಇಲ್ಲವಾದ್ದರಿಂದ ಇದನ್ನು ದೊಡ್ಡ ಲೋಪವೆಂದು ಎಣಿಸಬೇಕಾಗಿಲ್ಲ. 'ಬೋತ್' ಜೊತೆಗೆ 'ಆ್ಯಸ್ ವೆಲ್ ಆ್ಯಸ್' ಸೇರಿಸುವುದು ಮಾತ್ರ ಸಲ್ಲದು.

ಅರ್ಥಕ್ಕೆ ಧಕ್ಕೆ ಬರುವುದು 'ನಾಟ್ ಓನ್ಲಿ ... ಬಟ್ ಆಲ್ಸೋ' ಜೋಡಿಯಲ್ಲಿ. ಕನ್ನಡದ 'ಮಾತ್ರ' ಎಂಬ ಪದ ತಾನು ಮಿತಿಗೊಳಿಸುವ ಪದದ ಹಿಂದೆಯೇ ಬರುತ್ತದೆ: 'ಬಾಡಿಗೆ ಮಾತ್ರವಲ್ಲದೆ ನಿರ್ವಹಣಾ ವೆಚ್ಚವನ್ನೂ ಕೊಡತಕ್ಕದ್ದು'. ಬೆಂಗಳೂರಿನವರ ಆಂಗ್ಲದಲ್ಲಿ 'ಟುಡೇ ಓನ್ಲಿ', 'ದೇರ್ ಓನ್ಲಿ' ಎಂದು ಕೇಳಿಬರುವುದಕ್ಕೂ ಕನ್ನಡದ 'ಇವತ್ತೇ', 'ಅಲ್ಲೇ' ಎಂಬ ಏಕಾರಕ್ಕೂ ನಂಟಿದೆ. ಮಾತಿನಲ್ಲಿ ಅದಕ್ಕೊಂದು ಸೊಗಸಿದೆ, ಬರಹದಲ್ಲಿ ಬೇಡ. ಆಂಗ್ಲದ ಬರಹದಲ್ಲಿ 'ನಾಟ್ ಓನ್ಲಿ' ಎಂಬುದನ್ನು ಅಭ್ಯಾಸಬಲದಿಂದ ಕ್ರಿಯಾಪದಕ್ಕೆ ಮೊದಲು ಇಟ್ಟು 'ದಿ ಟೆನೆಂಟ್ ಶಲ್ ನಾಟ್ ಓನ್ಲಿ ಪೇ ದಿ ರೆಂಟ್ ಬಟ್ ಆಲ್ಸೋ ದಿ ಮೇಂಟೆನೆನ್ಸ್' ಎಂದು ಬರೆಯಲಾಗುತ್ತದೆ. 'ಶಲ್' ಪದದ ಪಕ್ಕದಲ್ಲಿಯೇ 'ನಾಟ್' ಬಂದಿರುವುದರಿಂದ ಅವಸರದಲ್ಲಿ ಓದುವವರಿಗೆ ಕೊಡತಕ್ಕದ್ದಲ್ಲ ಎಂಬ ಭಾವನೆ ಬರುತ್ತದೆ. 'ದಿ ಟೆನೆಂಟ್ ಶಲ್ ಪೇ ನಾಟ್ ಓನ್ಲಿ ದಿ ರೆಂಟ್ ಬಟ್ ಆಲ್ಸೋ ದಿ ಮೇಂಟೆನೆನ್ಸ್' ಎಂದರೆ ಆ ತೊಡಕಿಲ್ಲ. ಕರಾರಿನಲ್ಲಾದರೆ 'ಬೋತ್ ದಿ ರೆಂಟ್ ಆ್ಯಂಡ್ ದಿ ಮೇಂಟೆನೆನ್ಸ್' ಎಂದುಬಿಡುವುದೇ ಉತ್ತಮ. 'ಮಾತ್ರವಲ್ಲದೆ' ಎಂಬ ಒತ್ತು ಭಾಷಣಕ್ಕೆ ಶೋಭಿಸುತ್ತದೆ, ಛಾಪಾ ಕಾಗದಕ್ಕಲ್ಲ.

ಬ್ಯಾಂಕಿನ ನಮೂನೆಯಲ್ಲಿರುವ 'ಐದರ್'

ಜಂಟಿ ಖಾತೆ ತೆರೆಯುವ ನಮೂನೆಯಲ್ಲಿ 'ಐದರ್ ಆರ್ ಸರ್ವೈವರ್' ಎಂಬ ಆಯ್ಕೆಯನ್ನು ಅನೇಕರು ನೋಡಿರುತ್ತಾರೆ. ಗಂಡ ಹೆಂಡತಿಯರ ಉಳಿತಾಯ ಖಾತೆಗಳಲ್ಲಿ ಬಹಳ ಬಳಕೆಯಲ್ಲಿರುವ ಆಯ್ಕೆಯಿದು. 'ಐದರ್' ಮತ್ತು 'ಆರ್' ಎರಡೂ ಇರುವುದರಿಂದ ಇದು ಮೇಲೆ ವಿವರಿಸಿದ ಜೋಡಿಯೇ ಎಂದು ತೋರಬಹುದು. ವಾಸ್ತವವಾಗಿ ಹಾಗಲ್ಲ. ಇಲ್ಲಿ 'ಐದರ್' ಎಂಬುದು ಸರ್ವನಾಮ. 'ಇಬ್ಬರಲ್ಲಿ ಯಾರಾದರೊಬ್ಬರು' ಎಂದು ಅದರ ಅರ್ಥ. ಇಬ್ಬರೂ ಬದುಕಿರುವಾಗ ಯಾರಾದರೊಬ್ಬರ ಸಹಿಯಿಂದ ವ್ಯವಹಾರ ನಡೆಯುತ್ತದೆ. ಒಬ್ಬರು ತೀರಿಕೊಂಡಲ್ಲಿ ಉಳಿದವರಿಗೆ ಹಣ ಪಾವತಿಯಾಗುತ್ತದೆ. 'ಆರ್' ಎಂಬುದು ಬೇರ್ಪಡಿಸುತ್ತಿರುವುದು ಇಬ್ಬರು ವ್ಯಕ್ತಿಗಳನ್ನಲ್ಲ, ಎರಡು ಕಾಲಗಳನ್ನು.

'ಫಾರ್ಮರ್ ಆರ್ ಸರ್ವೈವರ್' ಎಂಬುದು ಇನ್ನೊಂದು ಆಯ್ಕೆ. 'ಫಾರ್ಮರ್' ಎಂದರೆ ಇಲ್ಲಿ ರೈತರಲ್ಲ, ಮೊದಲು ಹೆಸರಿಸಿದವರು. ಅವರು ಇರುವವರೆಗೆ ಅವರೊಬ್ಬರೇ ಖಾತೆಯನ್ನು ನಡೆಸಬಹುದು. 'ಜಾಯಿಂಟ್ಲಿ' ಎಂದು ಬರೆದಿದ್ದಲ್ಲಿ ಇಬ್ಬರ ಸಹಿಯೂ ಬೇಕು. ಒಂದು ಪದದ ಆಯ್ಕೆಯಿಂದ, ಪತಿ ಆಸ್ಪತ್ರೆಯಲ್ಲಿರುವಾಗ ಪತ್ನಿ ಹಣ ತೆಗೆಯಬಲ್ಲಳೇ ಎಂಬುದು ನಿರ್ಧಾರವಾಗುತ್ತದೆ. ನಮೂನೆಗೆ ಸಹಿ ಮಾಡುವ ಮುನ್ನ ಈ ಸಾಲನ್ನು ಬ್ಯಾಂಕಿನ ಸಿಬ್ಬಂದಿಯಿಂದ ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳುವುದು ಸೂಕ್ತ. ನಿಶ್ಚಿತ ಠೇವಣಿಗೆ ಸಂಬಂಧಿಸಿದಂತೆ ಇನ್ನೊಂದು ಅಂಶವಿದೆ. 'ಐದರ್ ಆರ್ ಸರ್ವೈವರ್' ಎಂದಿದ್ದಾಗ ಅವಧಿ ಮುಗಿದ ಮೇಲೆ ಒಬ್ಬರ ಸಹಿ ಸಾಕು, ಅವಧಿಗೆ ಮೊದಲೇ ಹಿಂಪಡೆಯುವುದಾದರೆ ಇಬ್ಬರ ಸಹಿಯೂ ಬೇಕು ಎಂದು ರಿಸರ್ವ್ ಬ್ಯಾಂಕ್ 2011ರಲ್ಲಿ ಸ್ಪಷ್ಟಪಡಿಸಿತ್ತು. ಖಾತೆಗೆ ನೀಡಿದ ಸೂಚನೆ ಒಂದೇ ಆಗಿದ್ದರೂ ಸಂದರ್ಭಾನುಸಾರ ಅದು 'ಯಾರಾದರೊಬ್ಬರು' ಎಂದೂ 'ಇಬ್ಬರೂ' ಎಂದೂ ವರ್ತಿಸುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಚೆಕ್ಕಿನ ಮೇಲೆ ಮುದ್ರಿತವಾಗಿರುವ 'ಆರ್ ಬೇರರ್' ಎಂಬುದೂ ಇದೇ ಜಾತಿಗೆ ಸೇರಿದ್ದು. ಹೆಸರಿಸಿದವರಿಗೆ ಅಥವಾ ಚೆಕ್ಕನ್ನು ತಂದವರಿಗೆ ಎಂದು ಅದರ ಅರ್ಥ. ಆ ಎರಡು ಪದಗಳನ್ನು ಹೊಡೆದುಹಾಕಿದರೆ ತಂದವರಿಗೆಲ್ಲ ಹಣ ಸಿಗುವುದಿಲ್ಲ.

'ಮತ್ತು/ಅಥವಾ' ಎಂಬ ಬರವಣಿಗೆ

'ಆ್ಯಂಡ್' ಪದವನ್ನೂ 'ಆರ್' ಪದವನ್ನೂ ಓರೆಗೆರೆಯಿಂದ ಸೇರಿಸಿ ಬರೆಯುವುದು ಕರಾರುಗಳಲ್ಲಿ ಸಾಮಾನ್ಯವಾಗಿದೆ. ಕನ್ನಡದ ಆದೇಶಗಳಲ್ಲಿಯೂ 'ಮತ್ತು/ಅಥವಾ' ಎಂದು ಕಾಣಿಸಿಕೊಳ್ಳುತ್ತಿದೆ. ಎರಡರಲ್ಲಿ ಒಂದು, ಇಲ್ಲವೇ ಎರಡೂ ಎಂದು ಇದರ ಆಶಯ. ಬರೆಯುವವರಿಗೆ ಇದು ಸುಲಭ, ಪಾಲಿಸುವವರಿಗೆ ಕಷ್ಟ. 'ಮಾಲೀಕರು ಮತ್ತು/ಅಥವಾ ಬಾಡಿಗೆದಾರರು ದುರಸ್ತಿಯ ವೆಚ್ಚ ಭರಿಸತಕ್ಕದ್ದು' ಎಂದಿದ್ದರೆ ಗೋಡೆ ಸೋರಿದ ದಿನ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಬೇಕಾಗುತ್ತದೆ. ಯಾವ ದುರಸ್ತಿ ಯಾರದು ಎಂದು ಬಿಡಿಸಿ ಬರೆಯುವುದಕ್ಕೆ ಎರಡು ಸಾಲು ಹೆಚ್ಚು ಬೇಕಾದೀತು, ಅಷ್ಟೆ.

ಶಾಸನವನ್ನು ಅರ್ಥೈಸುವಾಗ ಅದರ ಉದ್ದೇಶ ಸ್ಪಷ್ಟವಿದ್ದಲ್ಲಿ ನ್ಯಾಯಾಲಯಗಳು 'ಅಥವಾ' ಎಂಬುದನ್ನು 'ಮತ್ತು' ಎಂದು ಓದಿರುವುದೂ ಉಂಟು. ಅದು ನ್ಯಾಯಾಲಯದ ಅಧಿಕಾರ. ಕಛೇರಿಯ ಗುಮಾಸ್ತರಿಗಾಗಲಿ ಅರ್ಜಿದಾರರಿಗಾಗಲಿ ಅಂತಹ ಸ್ವಾತಂತ್ರ್ಯವಿಲ್ಲ. ಸಂವಿಧಾನದ 348ನೆಯ ಅನುಚ್ಛೇದದಂತೆ, ರಾಜ್ಯದ ಅಧಿನಿಯಮವೊಂದು ಕನ್ನಡದಲ್ಲಿ ರಚಿತವಾದರೂ ರಾಜ್ಯಪಾಲರ ಪ್ರಾಧಿಕಾರದ ಮೇರೆಗೆ ರಾಜಪತ್ರದಲ್ಲಿ ಪ್ರಕಟವಾದ ಅದರ ಆಂಗ್ಲ ಭಾಷಾಂತರವನ್ನು ಆಂಗ್ಲ ಭಾಷೆಯ ಅಧಿಕೃತ ಪಾಠವೆಂದು ಭಾವಿಸಲಾಗುತ್ತದೆ. ಹೀಗಿರುವಾಗ 'ಆಗಲಿ ... ಆಗಲಿ' ಎಂಬುದನ್ನು ಯಾವ ಜೋಡಿಗೆ ಭಾಷಾಂತರಿಸಬೇಕೆಂಬುದು ಭಾಷಾಂತರಕಾರರ ಮೇಜಿನ ಮೇಲಿನ ಸಣ್ಣ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಪರೀಕ್ಷಾರ್ಥಿಗಳ ಗಮನಕ್ಕೆ

ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಮತ್ತು ಆಂಗ್ಲ ಎರಡೂ ಅರ್ಹತಾ ಪತ್ರಿಕೆಗಳು, ಇದು 'ಬೋತ್... ಆ್ಯಂಡ್'. ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಯಲ್ಲಿ ಸಾಮಾನ್ಯ ಕನ್ನಡ, ಸಾಮಾನ್ಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಕ್ರಮ ನಡೆದುಬಂದಿದೆ, ಇದು 'ಐದರ್... ಆರ್'. ಅಧಿಸೂಚನೆಯನ್ನು ಓದುವಾಗಲೇ ಈ ಪಾಠ ಆರಂಭವಾಗುತ್ತದೆ ಎನ್ನಬಹುದು.

ಪ್ರಶ್ನೆಪತ್ರಿಕೆಗಳಲ್ಲಿ ಕೇಳಲಾಗುವ ಇತರ ಜೋಡಿಗಳನ್ನು ನೆನಪಿಟ್ಟುಕೊಂಡರೆ ಸಾಕು, ಇವುಗಳ ಬಗ್ಗೆ ವಿಶೇಷ ವಿವರಣೆ ಬೇಕಿಲ್ಲ. 'ನೋ ಸೂನರ್' ಬಂದರೆ 'ದ್ಯಾನ್'. 'ಹಾರ್ಡ್ಲಿ' ಅಥವಾ 'ಸ್ಕೇರ್ಸ್ಲಿ' ಬಂದರೆ 'ವೆನ್'. 'ದೋ' ಅಥವಾ 'ಆಲ್‌ದೋ' ಬಂದ ವಾಕ್ಯದಲ್ಲಿ ಮುಂದೆ 'ಬಟ್' ಬರಕೂಡದು. ಬೇಕಿದ್ದರೆ 'ಯೆಟ್' ಬರಬಹುದು. 'ನಾಟ್ ಓನ್ಲಿ' ಎಂಬುದರಿಂದಲೇ ಇಡೀ ವಾಕ್ಯವನ್ನು ಆರಂಭಿಸಿದರೆ ಪ್ರಶ್ನಾರ್ಥಕ ವಾಕ್ಯದಲ್ಲಿರುವಂತೆ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮೊದಲು ಬರುತ್ತದೆ: 'ನಾಟ್ ಓನ್ಲಿ ಡಿಡ್ ಹಿ ಕಮ್ ಲೇಟ್, ಬಟ್ ಹಿ ಆಲ್ಸೋ ಲೆಫ್ಟ್ ಅರ್ಲಿ'.

ಕೊನೆಯದಾಗಿ ನಾಮಫಲಕಗಳ ಬಗ್ಗೆ ಒಂದು ಮಾತು. ವ್ಯಾಕರಣದ ಪ್ರಕಾರ 'ಬಿಟ್ವೀನ್', 'ಫ್ರಮ್' ಇವು ಸಂಬಂಧಾರ್ಥಕಾವ್ಯಯಗಳಲ್ಲ. ಆದರೂ ಜೋಡಿಯನ್ನು ಕೇಳುವ ಪದಗಳು. 'ಬಿಟ್ವೀನ್' ಬಂದರೆ 'ಆ್ಯಂಡ್', 'ಫ್ರಮ್' ಬಂದರೆ 'ಟು'. ಸಂದರ್ಶನದ ವೇಳೆಯನ್ನು 'ಬಿಟ್ವೀನ್ 3.30 ಟು 5.30' ಎಂದು ಬರೆದಿರುವ ಫಲಕಗಳನ್ನು ಹಲವೆಡೆ ನೋಡಬಹುದು. ಅಂತಹ ಫಲಕವಿರುವ ಕಛೇರಿಗಳು ಹೊಸದಾಗಿ ಬಣ್ಣ ಬಳಿಸುವ ಸಂದರ್ಭದಲ್ಲಿ 'ಟು' ಪದವನ್ನು 'ಆ್ಯಂಡ್' ಎಂದಾಗಲಿ, 'ಬಿಟ್ವೀನ್' ಪದವನ್ನು 'ಫ್ರಮ್' ಎಂದಾಗಲಿ ತಿದ್ದಿಸಬಹುದು. ಎರಡನ್ನೂ ತಿದ್ದಿಸಿದರೆ ಮತ್ತೆ ತಪ್ಪಾಗುತ್ತದೆ.